ಕಾದಂಬರಿಕಾರರು ಬರೆದ ದೇಶದ ಇತಿಹಾಸ ಮಕ್ಕಳ ತಲೆಗೆ ಬೇಗ ಹತ್ತುವುದು ಯಾಕೆ?

ಕಾದಂಬರಿಕಾರರು ಇತಿಹಾಸವನ್ನು ಒಬ್ಬ ಮನುಷ್ಯನಿಂದ ಶುರುಮಾಡುತ್ತಾರೆ, ಅದಕ್ಕೇ. ಒಬ್ಬನಿಗೆ ಏನೋ ಬೇಕಾಗಿದೆ, ದಾರಿಗೆ ಯಾರೋ ಅಡ್ಡ ನಿಂತಿದ್ದಾರೆ ಅಂದ ಕೂಡಲೇ ಮಗು ‘ಮುಂದೇನಾಯ್ತು?’ ಅಂತ ಕೇಳುತ್ತೆ. ಆ ಪ್ರಶ್ನೆಗೆ ಉತ್ತರವಾಗಿ ಬಂದ ಇಸವಿ ಸುಲಭಕ್ಕೆ ಮರೆಯಲ್ಲ, ಯಾಕಂದರೆ ಅದರ ಹಿಂದೆ ಒಂದು ಕಾರಣ ಇರುತ್ತೆ.

ನಮ್ಮ ಹಾವೇರಿ ಜಿಲ್ಲೆಯದ್ದೇ ನೋಡಿ. ‘1930ರಲ್ಲಿ ದಾಂಡಿ ಯಾತ್ರೆ ನಡೆಯಿತು’ ಅಂದರೆ ಪರೀಕ್ಷೆಯ ಒಂದು ಅಂಕ, ಅಷ್ಟೇ. ಅದರ ಬದಲು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇಪ್ಪತ್ತೂ ತುಂಬದ ವಯಸ್ಸಿನಲ್ಲಿ ಗಾಂಧೀಜಿ ಜೊತೆ ಸಾಬರಮತಿಯಿಂದ ಸಮುದ್ರದವರೆಗೆ ಸುಮಾರು 385 ಕಿ.ಮೀ. ನಡೆದರು ಅಂತ ಶುರುಮಾಡಿ. ಕಾಲು ನೋಯಲಿಲ್ವಾ? ಉಪ್ಪಿಗೋಸ್ಕರ ಅಷ್ಟು ದೂರ ಯಾಕೆ? ಉಪ್ಪಿನ ತೆರಿಗೆಯ ವಿಷಯ ಅಲ್ಲಿಂದ ತಾನಾಗೇ ಬರುತ್ತೆ. ಅದೇ ಮಹಾದೇವಪ್ಪ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು ಎಂದು ಓದುವಾಗ ಮಗುವಿಗೆ ಪರಿಚಯದವರನ್ನೇ ಕಳೆದುಕೊಂಡಂತಾಗುತ್ತೆ.

ಒಂದು ಎಚ್ಚರ ಮಾತ್ರ ಬೇಕು. ಕಾದಂಬರಿಕಾರರು ಪಕ್ಷ ವಹಿಸುತ್ತಾರೆ. ಚಾರ್ಲ್ಸ್ ಡಿಕನ್ಸ್ 1851ರಿಂದ 1853ರವರೆಗೆ ಮಕ್ಕಳಿಗಾಗಿ ಕಂತುಗಳಲ್ಲಿ ಬರೆದ ಇಂಗ್ಲೆಂಡ್ ಇತಿಹಾಸದಲ್ಲಿ ರಾಜ ಎಂಟನೇ ಹೆನ್ರಿಯನ್ನು ಬಾಯ್ತುಂಬ ಬೈದಿದ್ದಾರೆ. ಓದೋಕೆ ರುಚಿ, ಆದರೆ ಅದು ಅವರ ತೀರ್ಪು. ಇಂಥ ಪುಸ್ತಕಗಳ ಮಾತುಕತೆಯೂ ಎಷ್ಟೋ ಸಲ ಕಲ್ಪನೆಯೇ. ಹಾಗಾಗಿ ಕಥೆ ಮೊದಲು ಓದಲಿ. ಆಮೇಲೆ ಪಠ್ಯಪುಸ್ತಕ ತೆಗೆದು, ನಿಜವಾಗಿ ನಡೆದದ್ದು ಯಾವುದು ಅಂತ ಮಗುವಿನ ಜೊತೆ ಕೂತು ನೋಡಿ.