ನವಾಲ್ ಎಲ್ ಸಾದಾವಿ ಯಾರು? ಅವರ ಯಾವ ಪುಸ್ತಕದಿಂದ ಶುರು ಮಾಡ್ಬೇಕು?

ಅರಬ್ ಫೆಮಿನಿಸ್ಟ್ ಅಂದ್ರೆ ಎಲ್ರೂ ಇವರ ಹೆಸ್ರೇ ಹೇಳ್ತಾರೆ, ನಿಜಕ್ಕೂ ಅಷ್ಟು ದೊಡ್ಡ ರೈಟರಾ ಅಂತಾನೂ ಕೇಳಿದೀರ. ನನ್ ಪ್ರಕಾರ ಅವ್ರು ಮೊದ್ಲು ಡಾಕ್ಟ್ರು, ಬರವಣಿಗೆ ಎಲ್ಲ ಅಲ್ಲಿಂದಾನೇ ಬಂದಿದ್ದು.

1931ರಲ್ಲಿ ಈಜಿಪ್ಟಿನ ಕಫ್ರ್ ತಹ್ಲಾ ಅನ್ನೋ ಹಳ್ಳೀಲಿ ಹುಟ್ಟಿದ್ರು, ಒಂಬತ್ತು ಮಕ್ಕಳ ಸಂಸಾರ. ಆರನೇ ವಯಸ್ಸಲ್ಲಿ ಅಲ್ಲಿನ ಪದ್ಧತಿ ಅಂತ ಜನನಾಂಗ ಕತ್ತರಿಸಿದ್ರು. ಹತ್ತು ವರ್ಷಕ್ಕೆ ಗಂಡು ನೋಡೋಕೆ ಬಂದಾಗ ಈ ಹುಡುಗಿ ಹಸಿ ಬದನೆಕಾಯಿ ಉಜ್ಜಿ ಹಲ್ಲು ಕಪ್ಪು ಮಾಡ್ಕೊಂಡು ಅವ್ರ ಮುಂದೆ ಹೋಗಿ ನಿಂತ್ಲಂತೆ, ಸಂಬಂಧ ತಪ್ಪಿಹೋಯ್ತು!

1955ರಲ್ಲಿ ಕೈರೋ ಯೂನಿವರ್ಸಿಟಿಯಿಂದ ಡಾಕ್ಟರಾಗಿ ಹಳ್ಳಿ ಹೆಂಗಸ್ರಿಗೆ ಟ್ರೀಟ್‌ಮೆಂಟ್ ಕೊಡುವಾಗ ಕಣ್ಣಾರೆ ಕಂಡಿದ್ದನ್ನೆಲ್ಲ, ತನ್ ಮೈಮೇಲೆ ಆಗಿದ್ದ ಆ ಕತ್ತರಿಸೋ ಪದ್ಧತೀನೂ ಸೇರಿಸಿ, ಹೆಣ್ಣು ಮತ್ತು ಲೈಂಗಿಕತೆ ಬಗ್ಗೆ ಪುಸ್ತಕ ಬರೆದ್ರು, ಅದಕ್ಕೇ 1972ರಲ್ಲಿ ಆರೋಗ್ಯ ಇಲಾಖೆ ಕೆಲಸಾನೇ ಹೋಯ್ತು.

ಕೆಲಸ ಹೋದ್ಮೇಲೆ ಹೆಂಗಸ್ರ ಮಾನಸಿಕ ಕಾಯಿಲೆ ಬಗ್ಗೆ ರಿಸರ್ಚ್ ಮಾಡ್ತಾ ಕನಾತಿರ್ ಜೈಲಿಗೆ ಹೋಗ್ತಿದ್ರು, ಅಲ್ಲಿ ಒಬ್ಬ ಗಂಡಸನ್ನ ಕೊಂದು ಗಲ್ಲಿಗೆ ಕಾಯ್ತಿದ್ದ ಹೆಂಗಸು ಸಿಕ್ಕಿದ್ಳು. ಅವಳ ಕಥೇನೇ 'ವುಮನ್ ಅಟ್ ಪಾಯಿಂಟ್ ಝೀರೋ' ಕಾದಂಬರಿಯ ಫಿರ್ದೌಸ್. ಈಜಿಪ್ಟಲ್ಲಿ ಯಾರೂ ಪ್ರಿಂಟ್ ಮಾಡೋಕೆ ಒಪ್ಪದೆ 1975ರಲ್ಲಿ ಬೈರೂತ್‌ನಿಂದ ಬಂತು. ವಿಚಿತ್ರ ನೋಡಿ, 1981ರಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್ ತನ್ನ ವಿರೋಧಿಗಳನ್ನೆಲ್ಲ ಹಿಡಿದು ಒಳಗೆ ಹಾಕ್ದಾಗ ಇವರನ್ನೂ ಅದೇ ಕನಾತಿರ್‌ಗೇ ತಳ್ಳಿದ್ರು. ಪೆನ್ನು ಪೇಪರ್ ಕೊಡಲ್ಲ ಅಂದ್ರು, ಇನ್ನೊಬ್ಬ ಕೈದಿಯಿಂದ ಹುಬ್ಬು ತೀಡೋ ಪೆನ್ಸಿಲ್ ತಗೊಂಡು ಟಾಯ್ಲೆಟ್ ಪೇಪರ್ ಮೇಲೆ ಜೈಲಿನ ನೆನಪುಗಳನ್ನ ಬರೆದ್ರು. ಸಾದತ್ ಹತ್ಯೆ ಆದ್ಮೇಲೆ ಬಿಡುಗಡೆ.

ಆಮೇಲೂ ನೆಮ್ಮದಿ ಇರ್ಲಿಲ್ಲ ಬಿಡಿ. ಕೊಲೆ ಬೆದರಿಕೆ ಬಂದು 90ರ ದಶಕದಲ್ಲಿ ಅಮೆರಿಕಕ್ಕೆ ಹೋದ್ರು, ವಾಪಸ್ ಬಂದ್ಮೇಲೆ 2001ರಲ್ಲಿ ಧರ್ಮ ಬಿಟ್ಟಿದಾರೆ ಅಂತ ಯಾರೋ ಒಬ್ಬ ವಕೀಲ, ಇವರಿಗೆ ಗಂಡ ಶರೀಫ್ ಹೆತಾತಾರಿಂದ ಬಲವಂತದ ಡೈವೋರ್ಸ್ ಕೊಡಿಸೋಕೆ ಕೇಸ್ ಹಾಕ್ದ, ಅದು ನಿಲ್ಲಲಿಲ್ಲ. 2011ರಲ್ಲಿ ಎಂಬತ್ತರ ಹತ್ರ ಬಂದಿದ್ರೂ ಸರ್ಕಾರದ ವಿರುದ್ಧ ಜನ ದಂಗೆ ಎದ್ದಾಗ ಕೈರೋದ ತಹ್ರೀರ್ ಚೌಕದಲ್ಲಿದ್ರು. ಕೊನೆಗಾಲದಲ್ಲಿ, ವಿರೋಧಿಗಳನ್ನ ಜೈಲಿಗೆ ಹಾಕೋ ಅಧ್ಯಕ್ಷ ಸೀಸಿ ಸರ್ಕಾರದ ಪರ ಮಾತಾಡಿದ್ದು ಮಾತ್ರ ನಂಗೆ ಇವತ್ತಿಗೂ ಗಂಟಲಲ್ಲಿ ಇಳಿಯಲ್ಲ, ಜೈಲು ಕಂಡವರು ಹಾಗನ್ನಬಾರದಿತ್ತು. 2021ರ ಮಾರ್ಚಲ್ಲಿ ತೀರ್ಕೊಂಡ್ರು.

ಅವರ ಕೆಲವು ಪುಸ್ತಕಗಳಲ್ಲಿ ಕಥೆಗಿಂತ ಭಾಷಣ ಜಾಸ್ತಿ, ನಿಜ ಹೇಳ್ಬೇಕಲ್ಲ. ಹಾಗಾಗಿ ಫಿರ್ದೌಸ್ ಕಥೆಯಿಂದ ಶುರು ಮಾಡಿ, ಸಣ್ಣ ಪುಸ್ತಕ, ಶರೀಫ್ ಅವರೇ ಇಂಗ್ಲಿಷಿಗೆ ತಂದಿದಾರೆ. ಅದಾದ್ಮೇಲೆ ಆ ಜೈಲಿನ ನೆನಪುಗಳ ಪುಸ್ತಕ 'ಮೆಮೊಯರ್ಸ್ ಫ್ರಮ್ ದಿ ವಿಮೆನ್ಸ್ ಪ್ರಿಸನ್' ತಗೊಳ್ಳಿ.