ಕಾಲೇಜಿಗೆ ಮೊದಲು ಕಾಡು: ಮೈಸೂರಿನ ತಾಯಿಯೊಬ್ಬರಿಗೆ ಉತ್ತರ

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಅಮೆರಿಕದ ಈಶಾನ್ಯ ಭಾಗದ ಕಾಲೇಜೊಂದರಲ್ಲಿ ಪದವಿಗೆ ಸೀಟು ಸಿಕ್ಕಿದೆ. ತರಗತಿ ಶುರುವಾಗುವ ಮೊದಲೇ ಹೊಸಬರನ್ನು ಐದು ದಿನ ಬೆಟ್ಟಕಾಡಿಗೆ ಕರೆದೊಯ್ಯುತ್ತಾರಂತೆ. ಬೆನ್ನಿಗೊಂದು ಚೀಲ, ರಾತ್ರಿ ಟೆಂಟು, ಜೊತೆಗೆ ಇಬ್ಬರು ಸೀನಿಯರ್‌ಗಳು ಮಾತ್ರ, ಮೇಷ್ಟ್ರುಗಳು ಯಾರೂ ಇಲ್ಲ. ಅವಳು ತುದಿಗಾಲಲ್ಲಿ ನಿಂತಿದ್ದಾಳೆ. ಅವಳಪ್ಪ ಬೇಡವೇ ಬೇಡ ಅನ್ನುತ್ತಾರೆ. ನಾವು ಸಸ್ಯಾಹಾರಿಗಳು, ಅವಳಿಗೆ ಚಿಕ್ಕಂದಿನಿಂದ ಉಬ್ಬಸ ಬೇರೆ. ಇದು ರ‍್ಯಾಗಿಂಗ್‌ನ ಇನ್ನೊಂದು ರೂಪವಲ್ಲ ತಾನೆ? ಕಳಿಸಬಹುದೇ?"

ಕಳಿಸಿ ಅಮ್ಮ. ಅವಳಿಗೆ ಮನಸ್ಸಿದೆ ಎಂದ ಮೇಲೆ ತಡೆಯಬೇಡಿ. ಆದರೆ ನಿಮ್ಮ ಒಂದೊಂದು ಆತಂಕಕ್ಕೂ ಕಾರಣವಿದೆ. ತಯಾರಿ ಮಾಡಿಯೇ ಕಳಿಸಬೇಕು.

ಇದು ಯಾರೋ ಹುಡುಗರು ಸೇರಿ ಹೊರಡಿಸಿದ ಪಿಕ್‌ನಿಕ್ ಅಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಈ ಪ್ರವಾಸ 1935ರಲ್ಲಿ ಶುರುವಾಯಿತು. ಅದರ ಹಿಂದಿರುವ ಔಟಿಂಗ್ ಕ್ಲಬ್, ಅಂದರೆ ಬೆಟ್ಟ ಕಾಡು ಸುತ್ತುವವರ ಸಂಘ, ಇನ್ನೂ ಹಳೆಯದು, 1909ರದ್ದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1974ರಿಂದ ಇದೆ. ಈಗ ಅಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಇದು ಮಾಮೂಲು. ಸಾಮಾನ್ಯವಾಗಿ ಎಂಟು-ಹತ್ತು ಜನರ ಒಂದು ತಂಡ, ತಂಡಕ್ಕೆ ಇಬ್ಬರು ಹಿರಿಯ ವಿದ್ಯಾರ್ಥಿಗಳು.

ರ‍್ಯಾಗಿಂಗ್ ಎಂಬ ಮಾತು ನಿಮ್ಮ ಬಾಯಲ್ಲಿ ಬಂದದ್ದು ಸಹಜ. ಸುಪ್ರೀಂ ಕೋರ್ಟ್ ಆದೇಶ ಕೊಟ್ಟು, 2009ರಲ್ಲಿ ಯುಜಿಸಿ ನಿಯಮ ತಂದ ಮೇಲೂ ನಮ್ಮಲ್ಲಿ ಹಾಸ್ಟೆಲ್‌ಗೆ ಮಕ್ಕಳನ್ನು ಬಿಟ್ಟು ಬರುವ ತಂದೆತಾಯಿಗೆ ಅದೇ ಭಯ. ಅಮೆರಿಕದಲ್ಲೂ ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಕೆಟ್ಟ ಚಾಳಿ ಕೆಲವು ವಿದ್ಯಾರ್ಥಿ ಸಂಘಗಳಲ್ಲಿ ಇದೆ, ಇಲ್ಲವೆಂದು ಹೇಳಲಾರೆ. ಈ ಪ್ರವಾಸಗಳ ಕ್ರಮ ಅದಕ್ಕೆ ತದ್ವಿರುದ್ಧ. ಇಲ್ಲಿ ಸೀನಿಯರ್ ಒಲೆ ಹಚ್ಚುತ್ತಾಳೆ, ನೀರು ಶುದ್ಧ ಮಾಡಿ ಕೊಡುತ್ತಾಳೆ, ಸುಸ್ತಾದವಳ ಚೀಲದಿಂದ ಅಕ್ಕಿಯನ್ನೋ ಟೆಂಟನ್ನೋ ತೆಗೆದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಕಾಲೇಜಿನಲ್ಲಿ ಅವಳಿಗೆ ಸಿಗುವ ಮೊದಲ ಹಿರಿಯರು ಇಂಥವರಾದರೆ, ಮುಂದೆ ಯಾರಾದರೂ ದಬಾಯಿಸಲು ಬಂದಾಗ ಅದು ಸರಿಯಲ್ಲ ಎಂದು ಅವಳಿಗೇ ಗೊತ್ತಾಗುತ್ತದೆ.

ನಾನು ಕಳಿಸಿ ಎನ್ನುವುದಕ್ಕೆ ಮುಖ್ಯ ಕಾರಣ ಇದೇ. ಇಲ್ಲಿ ಶೇಕಡಾ 95 ತೆಗೆದ ಹುಡುಗಿ ಅಲ್ಲಿಗೆ ಹೋದ ಮೊದಲ ವಾರ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರಲಿ ಎಂದು ನೋಡುತ್ತಾಳೆ. ಎಲ್ಲರೂ ಆಗಲೇ ಗುಂಪು ಕಟ್ಟಿಕೊಂಡಂತೆ ಕಾಣುತ್ತದೆ. ಉಚ್ಚಾರಣೆ ತಪ್ಪೀತೆಂದು ಬಾಯಿ ಬಿಡುವುದಿಲ್ಲ. ರಾತ್ರಿ ರೂಮಿಗೆ ಬಂದು ನಿಮಗೆ ವಿಡಿಯೊ ಕಾಲ್ ಮಾಡಿ "ಚೆನ್ನಾಗಿದ್ದೀನಿ" ಅನ್ನುತ್ತಾಳೆ. ಕಾಡಿನ ದಾರಿಯಲ್ಲಿ ಆ ಅಂಜಿಕೆಗೆ ಜಾಗ ಕಡಿಮೆ. ಏದುಸಿರು ಬಿಡುತ್ತಾ ಏರುವಾಗ ಬಾಸ್ಟನ್ನಿನ ಶ್ರೀಮಂತರ ಮಗನೂ ಮಾತು ತುಂಡರಿಸಿಯೇ ಆಡುತ್ತಾನೆ. ಮಳೆಯಲ್ಲಿ ಟಾರ್ಪಾಲಿನ ಒಂದು ತುದಿ ಹಿಡಿದು ನಿಂತವರು ಮೂರನೇ ದಿನಕ್ಕೆ ಮನೆಯ ನೆನಪು, ಓದಿನ ಭಯ, ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಅವರೆಲ್ಲ ಆಮೇಲೆ ಆಪ್ತಮಿತ್ರರಾಗಲೇಬೇಕಿಲ್ಲ. ಊಟದ ಹಾಲ್‌ನಲ್ಲಿ ಕೈಯೆತ್ತಿ ಕರೆಯುವ ನಾಲ್ಕು ಪರಿಚಿತ ಮುಖಗಳಿದ್ದರೂ ಸಾಕು.

ಇನ್ನು ಅಪಾಯದ ಮಾತು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಆ ಭಾಗದ ಅತಿ ಎತ್ತರದ ಮೌಂಟ್ ವಾಷಿಂಗ್ಟನ್ ಅದಕ್ಕಿಂತ ತುಸು ಗಿಡ್ಡ, 1,917 ಮೀಟರ್. ಆದರೆ 1934ರಲ್ಲಿ ಅದರ ನೆತ್ತಿಯ ಮೇಲೆ ಗಾಳಿ ಗಂಟೆಗೆ 372 ಕಿಲೋಮೀಟರ್ ವೇಗದಲ್ಲಿ ಬೀಸಿದ ದಾಖಲೆಯಿದೆ. ಹೊಸಬರನ್ನು ಅಂಥ ದಿನ ಮೇಲಕ್ಕೆ ಹತ್ತಿಸುವುದಿಲ್ಲ, ಹೆದರಬೇಡಿ. ಹೇಳುವುದಿಷ್ಟೆ: ಅಲ್ಲಿ ಎತ್ತರಕ್ಕಿಂತ ಚಳಿ-ಮಳೆಗೆ ಹೆದರಬೇಕು. ಆಗಸ್ಟ್ ಕೊನೆಯಲ್ಲೂ ಬೆಟ್ಟದ ರಾತ್ರಿ ನಡುಗಿಸುತ್ತದೆ. ಹತ್ತಿಯ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಆದ್ದರಿಂದ ನೀವು ಪ್ರೀತಿಯಿಂದ ಕೊಂಡಿಟ್ಟ ಕಾಟನ್ ಚೂಡಿದಾರ್, ಜೀನ್ಸ್ ಹಾಸ್ಟೆಲ್‌ಗೇ ಇರಲಿ. ಬೆಟ್ಟಕ್ಕೆ ಉಣ್ಣೆಯ ಕಾಲುಚೀಲ, ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟು, ಒಳ್ಳೆಯ ಮಳೆಕೋಟು. ಚೀಲ, ಮಲಗುವ ಚೀಲಗಳನ್ನು ಇಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಡಿ, ಎಷ್ಟೋ ಕಾಲೇಜುಗಳು ಎರವಲು ಕೊಡುತ್ತವೆ. ಶುಲ್ಕಕ್ಕೂ ನೆರವು ಇರುತ್ತದೆ, ಸಂಕೋಚವಿಲ್ಲದೆ ಕೇಳಲಿ.

ಶೂ ಮಾತ್ರ ಇಲ್ಲೇ ಕೊಂಡು ಪಳಗಿಸಿಕೊಳ್ಳಬೇಕು. ಹೊಸ ಶೂ ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿದರೆ ಉಳಿದ ನಾಲ್ಕು ದಿನ ಹಾಳು. ನಿಮ್ಮೂರಲ್ಲೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ. ಚೀಲಕ್ಕೆ ಮೊದಲು ಐದು ಕಿಲೋ ಅಕ್ಕಿ, ಆಮೇಲೆ ಹತ್ತು ಕಿಲೋ ತುಂಬಿ ಬೆಳಗ್ಗೆ ಹತ್ತಿ ಇಳಿಯಲಿ. ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಭಾರ ಹೆಗಲಿಗೆ ಬೀಳದೆ ಸೊಂಟಕ್ಕೆ ಬೀಳುವ ಹಾಗೆ ನೋಡಿಕೊಳ್ಳಬೇಕು. ಅವಳಪ್ಪನೂ ಜೊತೆಗೆ ಹತ್ತಲಿ. ಮಗಳ ಶಕ್ತಿ ಅವರ ಕಣ್ಣಿಗೇ ಬೀಳಲಿ.

ಊಟಕ್ಕೆ ತೊಂದರೆಯಿಲ್ಲ. ಓಟ್ಸ್, ಕಡಲೆಕಾಯಿ ಬೆಣ್ಣೆ, ಬ್ರೆಡ್ಡು, ಪಾಸ್ತಾ ಸಿಗುತ್ತದೆ. ಮೊಟ್ಟೆ ತಿನ್ನದಿದ್ದರೆ ಅದನ್ನು ಪ್ರವಾಸದ ಅರ್ಜಿಯಲ್ಲಿ ಬೇರೆಯಾಗಿಯೇ ಬರೆಯಬೇಕು. ಬೆಂಕಿಯ ಸುತ್ತ ಕೂತಾಗ ಸುಟ್ಟು ಕೊಡುವ ಮಾರ್ಶ್‌ಮೆಲೊ ಎಂಬ ಮೆತ್ತನೆಯ ಸಿಹಿಯಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ, ಅದೊಂದು ಗೊತ್ತಿರಲಿ. ನೀವು ಗೊಜ್ಜವಲಕ್ಕಿಯ ಪುಡಿ ಕಲಸಿ ಕಟ್ಟಿಕೊಡಿ. ಬಿಸಿನೀರು ಹಾಕಿದರೆ ಆಯಿತು, ಇಡೀ ತಂಡಕ್ಕೆ ಹಂಚಬಹುದು.

ಶೌಚಕ್ಕೆ ದಾರಿಯಿಂದಲೂ ನೀರಿನಿಂದಲೂ 60 ಮೀಟರ್ ದೂರ ಹೋಗಿ, ಗೇಣಿಗಿಂತ ತುಸು ಕಡಿಮೆ ಆಳದ ಗುಂಡಿ ತೋಡಿ, ಮುಚ್ಚಿ ಬರುವುದು ಕ್ರಮ. ಮುಟ್ಟಿನ ದಿನವಾದರೆ ಪ್ಯಾಡುಗಳನ್ನು ಹೂಳುವಂತಿಲ್ಲ, ಬೇರೆ ಚೀಲದಲ್ಲಿ ಕಟ್ಟಿ ವಾಪಸು ತರಬೇಕು. ಇದನ್ನು ಅಮ್ಮನಾಗಿ ನೀವೇ ಮುಂಚೆ ಹೇಳಿ. ತಂಡಗಳಲ್ಲಿ ಹುಡುಗ ಹುಡುಗಿಯರು ಇಬ್ಬರೂ ಇರುತ್ತಾರೆ, ಕೆಲವು ಕಡೆ ಒಂದೇ ಟಾರ್ಪಾಲಿನಡಿ ಸಾಲಾಗಿ ಮಲಗುತ್ತಾರೆ. ಮಗಳಿಗೆ ಅದು ಇರಿಸುಮುರಿಸಾದರೆ ಬೇರೆ ಏರ್ಪಾಡಿದೆಯೇ ಎಂದು ಅವಳೇ ಇಮೇಲ್ ಬರೆದು ಕೇಳಲಿ. ಸಂಜೆ ಕಾಲು, ಮಂಡಿಯ ಹಿಂದೆ ರಕ್ತ ಹೀರುವ ಉಣ್ಣಿ ಹುಳು ಕಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಆ ಭಾಗದಲ್ಲಿ ಉಣ್ಣಿಯಿಂದ ಲೈಮ್ ಎಂಬ ರೋಗ ಹರಡುತ್ತದೆ.

ಟಿಕೆಟ್ ತೆಗೆಯುವ ಮುನ್ನ ಮೂರು ವಿಷಯ. ವಿದ್ಯಾರ್ಥಿ ವೀಸಾದಲ್ಲಿ, ಕಾಲೇಜು ಕೊಡುವ ಐ-20 ಎಂಬ ಪ್ರವೇಶ ಪತ್ರದಲ್ಲಿರುವ ಆರಂಭದ ದಿನಕ್ಕೆ 30 ದಿನಕ್ಕಿಂತ ಮುಂಚೆ ಒಳಗೆ ಬಿಡುವುದಿಲ್ಲ. ಆರೋಗ್ಯ ವಿಮೆ ತರಗತಿಯ ದಿನದಿಂದ ಶುರುವೋ, ಪ್ರವಾಸದ ದಿನಗಳಿಗೂ ಇದೆಯೋ, ಬರಹದಲ್ಲಿ ಉತ್ತರ ಪಡೆಯಿರಿ. ವಿಮಾನ ಇಳಿದ ಮರುದಿನವೇ ಚೀಲ ಹೊರಿಸಬೇಡಿ. ಒಂಬತ್ತೂವರೆ ಗಂಟೆಯ ಅಂತರ ನಿದ್ದೆಗೆಡಿಸುತ್ತದೆ, ಮೂರು ನಾಲ್ಕು ದಿನ ಬಿಡುವಿರಲಿ.

ಕೊನೆಗೆ ಉಬ್ಬಸ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಕಳವಳ ತಂದದ್ದು ಇದೊಂದೇ. ಸೀಟು ಹೋದೀತು, ಪ್ರವಾಸ ತಪ್ಪೀತು ಎಂದು ಕಾಯಿಲೆ ಮುಚ್ಚಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ದಯವಿಟ್ಟು ಮುಚ್ಚಿಡಬೇಡಿ. ಆಸ್ಪತ್ರೆ ಗಂಟೆಗಟ್ಟಲೆ ದೂರದ ಜಾಗ ಅದು. ಮುಂದಾಳುಗಳಿಗೆ ಕಾಡಿನ ಪ್ರಥಮ ಚಿಕಿತ್ಸೆಯ ತರಬೇತಿ ಎಷ್ಟು ಕೊಟ್ಟಿದ್ದೀರಿ ಎಂದು ಕಾಲೇಜನ್ನು ಕೇಳಿ, ಕೇಳುವ ಹಕ್ಕು ನಿಮಗಿದೆ. ಈಗಲೇ ನಿಮ್ಮ ಡಾಕ್ಟರಿಗೆ ತೋರಿಸಿ, ಚಳಿಯಲ್ಲಿ ಭಾರ ಹೊತ್ತು ಏರಬಹುದೇ ಎಂದು ಕೇಳಿ. ಅವರು ಬೇಡ ಎಂದರೆ ಬೇಡ. ನಡಿಗೆ ಕಡಿಮೆಯಿರುವ ದೋಣಿಯ ತಂಡವೋ, ಒಂದೇ ಕಡೆ ತಂಗುವ ತಂಡವೋ ಇದ್ದೇ ಇರಬಹುದು, ಅದನ್ನು ಆರಿಸಿಕೊಳ್ಳಲಿ. ಆಗಬಹುದು ಎಂದರೆ ಎರಡು ಇನ್‌ಹೇಲರ್ ಜೊತೆಗಿರಲಿ: ಒಂದು ಅವಳ ಜೇಬಿನಲ್ಲಿ, ಇನ್ನೊಂದು ಮುಂದಾಳುವಿನ ಬಳಿ. ಉಳಿದ ಅರ್ಜಿಯನ್ನು ಅವಳೇ ತುಂಬಲಿ. ಆರೋಗ್ಯದ ಪುಟ ಬಂದಾಗ ನೀವೂ ಪಕ್ಕದಲ್ಲಿ ಕೂತು, ಯಾವ ಔಷಧಿ, ಎಷ್ಟು ಹೊತ್ತಿಗೆ, ಕೊನೆಯ ಸಲ ಉಬ್ಬಸ ಬಂದದ್ದು ಯಾವಾಗ ಎಂದು ಬಿಡದೆ ಬರೆಸಿ.

– ಸಂ.