ಪಿಕಪ್‌ಗೆ ಎಂಥ ಟೈರು? ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲಕ್ಕೆ ಮುಂಚೆ ಟೈರು ಬದಲಿಸುವ ಯೋಚನೆಯಲ್ಲಿರುವ ಪಿಕಪ್ ಮಾಲೀಕರ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ಡಾಂಬರು ರಸ್ತೆಗೂ ಮಣ್ಣಿನ ದಾರಿಗೂ ಒಗ್ಗುವಂತೆ ಮಾಡಿದ ಆಲ್ ಟೆರೇನ್ ಟೈರಿನ ಬಗ್ಗೆಯೇ ಹೆಚ್ಚಿನವರು ಕೇಳಿದ್ದಾರೆ.

ಪ್ರಶ್ನೆ: ಮಾನ್ಯರೇ, ಸಕಲೇಶಪುರದ ಬಳಿ ನಮ್ಮ ಕಾಫಿ ತೋಟವಿದೆ. ನನ್ನದು ಫೋರ್ ವೀಲ್ ಡ್ರೈವ್ ಇರುವ ಹಳೆಯ ಡಬಲ್ ಕ್ಯಾಬ್ ಪಿಕಪ್, ಟೈರಿನ ಅಳತೆ 245/75 ಆರ್16. ಕೊಯ್ಲು ಮುಗಿದ ಮೇಲೆ ಹದಿನೆಂಟು ಮೂಟೆ ಕಾಫಿ ಹೇರಿಕೊಂಡು ಹಾಸನಕ್ಕೆ ಹೋಗುತ್ತೇನೆ. ಮಳೆಗಾಲದಲ್ಲಿ ತೋಟದೊಳಗಿನ ಮಣ್ಣಿನ ಏರು ಹತ್ತಿಸಬೇಕು. ಅಂಗಡಿಯವರು ದೊಡ್ಡ ಬಟನ್ (ಮೇಲ್ಮೈಯ ರಬ್ಬರಿನ ಉಬ್ಬು) ಇರುವ ಮಡ್ ಟೈರು ಹಾಕಿಸಿ ಎನ್ನುತ್ತಾರೆ. ನನಗೆ ಆಲ್ ಟೆರೇನ್ ಸಾಕು ಎನಿಸುತ್ತದೆ. ಯಾವುದು ಸರಿ?
— ಒಬ್ಬ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಎಣಿಕೆಯೇ ಸರಿ, ಆಲ್ ಟೆರೇನ್ ಸಾಕು. ಆದರೆ ನೀವೂ ಅಂಗಡಿಯವರೂ ಚರ್ಚಿಸುತ್ತಿರುವುದು ಟೈರಿನ ಮುಖದ, ಅಂದರೆ ನೆಲಕ್ಕೆ ತಾಗುವ ಭಾಗದ ಬಗ್ಗೆ. ಸರಕು ಹೊರುವ ಗಾಡಿಯವರು ಮೊದಲು ನೋಡಬೇಕಾದದ್ದು ಟೈರಿನ ಪಕ್ಕದಲ್ಲಿ, ಅಳತೆಯ ಮುಂದೆಯೇ ಅಚ್ಚಾಗಿರುವ ಭಾರದ ಅಂಕಿಯನ್ನು.

ನಿಮ್ಮ ಅಳತೆಯಲ್ಲೇ ಎರಡು ಬಗೆಯ ಟೈರುಗಳಿವೆ. ಒಂದು ಕಾರು ಮತ್ತು ಎಸ್‌ಯುವಿಗಳಿಗೆಂದು ಮಾಡಿದ್ದು, ಅದರ ಮೇಲೆ 109 ಎಂಬಂಥ ಅಂಕಿ ಇರುತ್ತದೆ. ಇನ್ನೊಂದು ಲೈಟ್ ಟ್ರಕ್ ವರ್ಗದ್ದು, ಅದರ ಅಳತೆಗೆ ಮೊದಲು ‘ಎಲ್‌ಟಿ’ ಎಂಬ ಅಕ್ಷರಗಳೂ ಅಳತೆಯಾದ ಮೇಲೆ 120/116 ಎಂಬಂಥ ಜೋಡಿ ಅಂಕಿಯೂ ಇರುತ್ತವೆ. 109 ಎಂದರೆ ಒಂದು ಟೈರು ಹೊರಬಲ್ಲ ಭಾರ 1030 ಕಿಲೊ, 120 ಎಂದರೆ 1400 ಕಿಲೊ. ಜೋಡಿಯಲ್ಲಿ ಎರಡನೆಯ ಅಂಕಿ ಹಿಂದೆ ಜೋಡಿ ಚಕ್ರ ಇರುವ ಗಾಡಿಗಳಿಗೆ ಸಂಬಂಧಿಸಿದ್ದಾದ್ದರಿಂದ ಅದನ್ನು ನೀವು ಬಿಟ್ಟುಬಿಡಬಹುದು. ಕಾರಿನ ವರ್ಗದ ಟೈರನ್ನು ಪಿಕಪ್‌ಗೆ ಹಾಕುವಾಗ ಅದರ ಸಾಮರ್ಥ್ಯವನ್ನು 1.1ರಿಂದ ಭಾಗಿಸಿ ಲೆಕ್ಕ ಹಿಡಿಯಬೇಕೆಂಬ ನಿಯಮ ಅಮೆರಿಕದ ಟೈರು ಉದ್ಯಮದಲ್ಲಿದೆ. ನಮ್ಮ ರಸ್ತೆಗಳಿಗೆ ಅದು ಇನ್ನೂ ಹೆಚ್ಚು ಹೊಂದುತ್ತದೆ. ಹಾಗೆ ನೋಡಿದರೆ 1030 ಕಿಲೊ 936ಕ್ಕೆ ಇಳಿಯುತ್ತದೆ.

ಈಗ ನಿಮ್ಮ ಹೇರಿನ ಲೆಕ್ಕಕ್ಕೆ ಬರೋಣ. ಐವತ್ತು ಕಿಲೊದ ಹದಿನೆಂಟು ಮೂಟೆ ಎಂದರೆ 900 ಕಿಲೊ. ಪಿಕಪ್‌ನ ತೊಟ್ಟಿ ಹೆಚ್ಚುಕಡಿಮೆ ಹಿಂದಿನ ಆಕ್ಸಲ್‌ನ ಮೇಲೆಯೇ ಕೂತಿರುವುದರಿಂದ ಆ ಭಾರದ ಬಹುಪಾಲು ಹಿಂದಿನ ಎರಡು ಟೈರುಗಳ ಮೇಲೆ ಬೀಳುತ್ತದೆ. ಖಾಲಿ ಗಾಡಿಯ ಹಿಂಭಾಗದ ತೂಕ ಮತ್ತು ಒಳಗೆ ಕೂತವರ ತೂಕ ಸೇರಿದರೆ ಹಿಂದಿನ ಒಂದೊಂದು ಟೈರಿನ ಮೇಲೆ ಸುಮಾರು 860 ಕಿಲೊ ಕೂರುತ್ತದೆಂದು ಅಂದಾಜಿಸಬಹುದು. ಹತ್ತಿರದ ವೇ ಬ್ರಿಡ್ಜ್‌ನಲ್ಲಿ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಕ ಹಾಕಿಸಿದರೆ ಅಂದಾಜಿನ ಬದಲು ನಿಜವಾದ ಅಂಕಿಯೇ ಕೈಗೆ ಸಿಗುತ್ತದೆ. 936 ಹೊರುವ ಟೈರಿಗೆ 860 ಹೇರಿ, ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ಜಗ್ಗುವಾಗ ಗುಂಡಿಗೆ ಇಳಿಸಿದರೆ ಅದರಲ್ಲಿ ಉಳಿದಿರುವ ತಾಕತ್ತು ಎಷ್ಟೆಂದು ನೀವೇ ಊಹಿಸಬಹುದು. ಆದ್ದರಿಂದ ನಿಮಗೆ ಬೇಕಾದದ್ದು ಎಲ್‌ಟಿ ವರ್ಗದ ಆಲ್ ಟೆರೇನ್. ಒಂದೇ ಕಂಪನಿಯ ಒಂದೇ ಹೆಸರಿನ ಟೈರು ಎರಡೂ ವರ್ಗಗಳಲ್ಲಿ ಬರುವುದುಂಟು. ಅಂಗಡಿಯಲ್ಲಿ ಹೆಸರು ಹೇಳಿ ತರಿಸಿಕೊಂಡರೆ ಸಾಲದು, ಪಕ್ಕದ ಬರಹವನ್ನು ಓದಿಯೇ ಹಾಕಿಸಿಕೊಳ್ಳಿ. ಐಎಸ್‌ಐ ಗುರುತನ್ನೂ ನೋಡಿ, ಹೊರದೇಶದಿಂದ ಬಂದ ಟೈರಿಗೂ ಅದು ಕಡ್ಡಾಯ. ತಯಾರಿಯ ನಾಲ್ಕು ಅಂಕಿಯನ್ನೂ ನೋಡಿ: 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದ್ದು.

ಎಲ್‌ಟಿ ಟೈರು ಹಾಕಿಸಿದ ಮೇಲೂ ಬಹಳ ಮಂದಿ ಎಡವುವುದು ಗಾಳಿಯ ವಿಷಯದಲ್ಲಿ. ನಾನೂ ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ಹೊಸದಾಗಿ ಎಲ್‌ಟಿ ಟೈರು ಹಾಕಿಸಿ, ಅಂಗಡಿಯವರು ಕಾರಿಗೆ ಹೊಡೆಯುವಂತೆ ಹೊಡೆದ 35 ಪಿಎಸ್‌ಐ ಗಾಳಿಯಲ್ಲೇ ಪೂರ್ತಿ ಹೇರಿನೊಂದಿಗೆ ಚಾರ್ಮಾಡಿ ಘಾಟಿ ಹತ್ತಿದೆ. ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯಲು ನಿಲ್ಲಿಸಿ, ಏನೋ ರಬ್ಬರಿನ ವಾಸನೆ ಬಂತೆಂದು ಹಿಂದಿನ ಟೈರಿನ ಪಕ್ಕವನ್ನು ಮುಟ್ಟಿದರೆ ಅಂಗೈ ಇಡಲಾಗಲಿಲ್ಲ. ನೆಲಕ್ಕೆ ತಾಗುವಲ್ಲಿ ಟೈರಿನ ಹೊಟ್ಟೆ ಹೊರಗೆ ಉಬ್ಬಿಕೊಂಡಿತ್ತು, ಪಕ್ಕದ ಅಕ್ಷರಗಳಿಗೆಲ್ಲ ರಸ್ತೆಯ ಧೂಳು ಉಜ್ಜಿತ್ತು. ಆಗಿದ್ದಿಷ್ಟೇ: ಎಲ್‌ಟಿ ಟೈರಿನ ಬಲವಿರುವುದು ಅದರ ದಪ್ಪ ಪದರಗಳಲ್ಲಿ ಮಾತ್ರವಲ್ಲ, ಆ ಪದರಗಳು ತಡೆದುಕೊಳ್ಳುವ ಹೆಚ್ಚಿನ ಗಾಳಿಯಲ್ಲಿ. ನಿಮ್ಮ ಅಳತೆಯ ಎಲ್‌ಟಿ ಟೈರು 80 ಪಿಎಸ್‌ಐ ಗಾಳಿಯಲ್ಲಿ ಸುಮಾರು 1400 ಕಿಲೊ, 65ರಲ್ಲಿ ಸುಮಾರು 1190 ಕಿಲೊ, 50ರಲ್ಲಿ 1000 ಕಿಲೊ ಹೊರುತ್ತದೆ. 35ರಲ್ಲಾದರೋ ಬರೀ 770 ಕಿಲೊ. ಅಂದರೆ ಹೆಚ್ಚು ಗಟ್ಟಿಯಾದ, ಹೆಚ್ಚು ಬೆಲೆಯ ಟೈರು ಹಾಕಿಸಿ ಗಾಳಿ ಕಡಿಮೆ ಇಟ್ಟರೆ ಅದು ಹಳೆಯ ಕಾರಿನ ಟೈರಿಗಿಂತಲೂ ಕಡಿಮೆ ಭಾರ ಹೊರುತ್ತದೆ. ನಿಮ್ಮ 860 ಕಿಲೊ ಹೇರಿಗೆ ಹಿಂದಿನ ಟೈರುಗಳಲ್ಲಿ 50ರಿಂದ 55 ಪಿಎಸ್‌ಐ ಇರಲಿ. ಖಾಲಿ ಗಾಡಿಯಲ್ಲಿ ಅಷ್ಟೇ ಗಾಳಿ ಇಟ್ಟುಕೊಂಡರೆ ಹಿಂಭಾಗ ಕುಪ್ಪಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ, ನಡುಭಾಗ ಬೇಗ ಸವೆಯುತ್ತದೆ. ಆದ್ದರಿಂದ ಹೇರು ಇಳಿಸಿದ ಮೇಲೆ ಗಾಳಿಯನ್ನೂ ಇಳಿಸಿ. ಮನೆಯಲ್ಲೊಂದು ಸಣ್ಣ ಕಂಪ್ರೆಸರ್ ಮತ್ತು ಒಳ್ಳೆಯ ಗೇಜ್ ಇದ್ದರೆ ಇದು ಹತ್ತು ನಿಮಿಷದ ಕೆಲಸ. ಸಾಮಾನ್ಯ ರಬ್ಬರ್ ವಾಲ್ವ್‌ಗಳ ಮಿತಿ 65 ಪಿಎಸ್‌ಐ. ಅದಕ್ಕಿಂತ ಹೆಚ್ಚು ಬೇಕಾಗುವ ಹೇರು ನಿಮ್ಮದಾದರೆ ಲೋಹದ ವಾಲ್ವ್ ಹಾಕಿಸಿ, ಡಿಸ್ಕ್ (ಟೈರು ಕೂರುವ ಲೋಹದ ಚಕ್ರ) ಕೂಡ ಅಷ್ಟು ಒತ್ತಡ ತಡೆಯುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ.

ಇನ್ನು ಕೆಸರಿನ ಮಾತು. ಮಡ್ ಟೈರಿನ ದೊಡ್ಡ ಬಟನ್‌ಗಳ ನಡುವೆ ಅಗಲವಾದ ಸಂದುಗಳಿರುವುದರಿಂದ ಚಕ್ರ ತಿರುಗುವಾಗ ಕೆಸರು ಸಿಡಿದು ಹೋಗಿ ಟೈರು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎನ್ನುವುದು ನಿಜ. ಆದರೆ ನಿಮ್ಮ ಓಡಾಟದಲ್ಲಿ ಕೆಸರು ಎಷ್ಟು, ಶಿರಾಡಿ ಹೆದ್ದಾರಿಯ ಒದ್ದೆ ಡಾಂಬರು ಮತ್ತು ಕಾಂಕ್ರೀಟ್ ಎಷ್ಟು ಎಂಬುದನ್ನು ಯೋಚಿಸಿ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಾಕಿದಾಗ ಗಾಡಿಯನ್ನು ಹಿಡಿದು ನಿಲ್ಲಿಸುವುದು ನೆಲಕ್ಕೆ ತಾಗುವ ರಬ್ಬರು ಮತ್ತು ಅದರ ಮೇಲಿನ ಕೂದಲೆಳೆಯಂಥ ಸೀಳುಗಳು. ಮಡ್ ಟೈರಿನಲ್ಲಿ ಅವೆರಡೂ ಕಡಿಮೆ. ಆಲ್ ಟೆರೇನ್ ಆರಿಸುವಾಗಲೂ ಬಟನ್‌ಗಳ ಮೇಲೆ ಈ ಸಣ್ಣ ಸೀಳುಗಳು ಆಳವಾಗಿವೆಯೇ ಎಂದು ಉಗುರು ತೂರಿಸಿ ನೋಡಿ. ಮೇಲ್ಮೈಯಲ್ಲಿ ಮಾತ್ರ ಗೀರಿದಂತಿದ್ದರೆ ಅರ್ಧ ಸವೆಯುವಷ್ಟರಲ್ಲಿ ಅವು ಮಾಯವಾಗುತ್ತವೆ. ಹೊಸ ಆಲ್ ಟೆರೇನ್‌ನ ಬಟನ್ ಸುಮಾರು 12 ಮಿಲಿಮೀಟರ್ ಆಳವಿರುತ್ತದೆ. ಕಾನೂನಿನ ಮಿತಿ 1.6 ಮಿಲಿಮೀಟರ್ ಆದರೂ ಮಲೆನಾಡಿನ ಮಳೆಯಲ್ಲಿ 4ಕ್ಕೆ ಇಳಿದಾಗಲೇ ಬದಲಿಸುವುದು ಕ್ಷೇಮ.

ಆಷಾಢದ ಮಳೆಯಲ್ಲಿ ತೋಟದ ಕೆಂಪು ಜೇಡಿಯ ಏರು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಯಾವ ಟೈರಿನ ಹೆಸರೂ ನಡೆಯದ ದಿನಗಳಿವೆ. ಅದಕ್ಕೆ ನಮ್ಮ ಕಡೆಯ ಜೀಪಿನವರು ಕಂಡುಕೊಂಡ ಉಪಾಯವೇ ಇಂದಿಗೂ ಸರಿ: ಚಕ್ರಕ್ಕೆ ಚೈನ್ ಕಟ್ಟುವುದು. ಒಳ್ಳೆಯ ಎಲ್‌ಟಿ ಆಲ್ ಟೆರೇನ್ ಮತ್ತು ಒಂದು ಜೊತೆ ಚೈನ್, ಇವೆರಡು ಸೇರಿದರೆ ಮಡ್ ಟೈರಿಗಿಂತ ಹೆಚ್ಚು ಉಪಯೋಗ. ಟೈರು ಕೊಳ್ಳುವ ಮುನ್ನ ಚೈನ್ ಕಟ್ಟಿದಾಗ ಮಡ್‌ಗಾರ್ಡಿಗೂ ಬ್ರೇಕ್ ಪೈಪಿಗೂ ತಾಗದಷ್ಟು ಜಾಗ ಉಳಿಯುತ್ತದೆಯೇ ಎಂದು ನೋಡಿಕೊಳ್ಳಿ. ಅಗಲವಾದ ಟೈರಿಗೆ ಹೋಗಬೇಡಿ ಎನ್ನಲು ಇದೂ ಒಂದು ಕಾರಣ. ನಾಲ್ಕೂ ಟೈರನ್ನು ಒಟ್ಟಿಗೇ ಬದಲಿಸಿ, ಸ್ಟೆಪ್ನಿಯನ್ನೂ ಅದೇ ಅಳತೆಯದ್ದಾಗಿಸಿ. ಸುತ್ತಳತೆಯಲ್ಲಿ ಹಿಂದುಮುಂದಿನ ಚಕ್ರಗಳಿಗೆ ವ್ಯತ್ಯಾಸವಿದ್ದರೆ ಫೋರ್ ವೀಲ್ ಹಾಕಿದಾಗ ಅದರ ಪೆಟ್ಟು ಗೇರುಗಳಿಗೆ ಬೀಳುತ್ತದೆ.

ಪ್ರಶ್ನೆ: ನಾವು ಅಮೆರಿಕದ ಡೆನ್ವರ್‌ನಲ್ಲಿ ನೆಲೆಸಿದ್ದೇವೆ. ಮುಕ್ಕಾಲು ಟನ್ ವರ್ಗದ ಹೆವಿ ಡ್ಯೂಟಿ ಪಿಕಪ್ ಇದೆ, ಟೈರು ಎಲ್‌ಟಿ275/70 ಆರ್18. ಬೇಸಿಗೆಯಲ್ಲಿ ಸುಮಾರು 4000 ಕಿಲೊದ ಕ್ಯಾಂಪರ್ ಟ್ರೇಲರ್ ಎಳೆಯುತ್ತೇವೆ, ಚಳಿಗಾಲದಲ್ಲಿ ಐ-70 ಹೆದ್ದಾರಿಯಲ್ಲಿ ಬೆಟ್ಟಕ್ಕೆ ಹೋಗುತ್ತೇವೆ. ವರ್ಷಪೂರ್ತಿ ಒಂದೇ ಜೊತೆ ಆಲ್ ಟೆರೇನ್ ಸಾಕೇ?
— ಕೊಲರಾಡೊದ ಓದುಗರು

ಉತ್ತರ: ಟ್ರೇಲರ್ ತನ್ನ ಚಕ್ರಗಳ ಮೇಲೆಯೇ ಓಡುತ್ತದೆಂದು ತೋರಿದರೂ ಅದರ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಕೊಕ್ಕೆಯ ಮೂಲಕ ನಿಮ್ಮ ಗಾಡಿಯ ಹಿಂಭಾಗದ ಮೇಲೆ ಕೂರುತ್ತದೆ. 4000 ಕಿಲೊ ಟ್ರೇಲರಿಗೆ ಅದು 400ರಿಂದ 600 ಕಿಲೊ. ಆದ್ದರಿಂದ ನಿಮ್ಮ ಗಾಡಿಗೆ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ‘ಇ’, ಅಂದರೆ 10 ಪ್ಲೈ ದರ್ಜೆಯ ಟೈರೇ ಆಗಬೇಕು. ನಿಮ್ಮ ಅಳತೆಯಲ್ಲಿ ಅದರ ಅಂಕಿ 125/122. ಒಂದು ಟೈರಿಗೆ 1650 ಕಿಲೊ, ಗಾಳಿ 80 ಪಿಎಸ್‌ಐ ಇದ್ದಾಗ. ಮೆತ್ತಗೆ ಓಡುತ್ತದೆಂಬ ಕಾರಣಕ್ಕೆ ಕಡಿಮೆ ದರ್ಜೆಯದ್ದಕ್ಕೆ ಇಳಿಯಬೇಡಿ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಹಿಂದಿನ ಆಕ್ಸಲ್‌ನ ಗರಿಷ್ಠ ಭಾರ ಬರೆದಿರುತ್ತದೆ. ಎರಡು ಟೈರುಗಳ ಸಾಮರ್ಥ್ಯ ಸೇರಿ ಅದನ್ನು ಮೀರಲೇಬೇಕು.

ಚಳಿಗಾಲದ ವಿಷಯದಲ್ಲಿ ‘ಎಂ+ಎಸ್’ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂಬ ಅಕ್ಷರಗಳನ್ನು ಹೆಚ್ಚು ನಂಬಬೇಡಿ, ಅದು ಬಟನ್‌ಗಳ ವಿನ್ಯಾಸದ ಮಾತಷ್ಟೇ. ಮೂರು ಶಿಖರಗಳ ಪರ್ವತದೊಳಗೆ ಹಿಮದ ಹರಳಿನ ಚಿತ್ರವಿರುವ ಟೈರು ತುಳಿದು ಗಟ್ಟಿಯಾದ ಹಿಮದ ಮೇಲಿನ ಎಳೆತದ ಪರೀಕ್ಷೆಯನ್ನು ದಾಟಿ ಬಂದಿರುತ್ತದೆ. ಆಲ್ ಟೆರೇನ್‌ಗಳಲ್ಲಿ ಆ ಗುರುತು ಇರುವವೂ ಇವೆ, ಇಲ್ಲದವೂ ಇವೆ. ನೀವು ಇರುವುದನ್ನೇ ಆರಿಸಿ. ಐ-70ರ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರಿನಿಂದ ಮೇ ವರೆಗೆ ಜಾರಿಯಲ್ಲಿರುವ ನಿಯಮಕ್ಕೆ ಬಟನ್‌ನ ಆಳ ಕನಿಷ್ಠ 4.8 ಮಿಲಿಮೀಟರ್ ಇರಬೇಕೆಂಬುದೂ ನೆನಪಿರಲಿ. ಆದರೆ ಆ ಪರೀಕ್ಷೆ ಗಾಡಿ ಮುಂದೆ ಹೋಗುವ ಎಳೆತದ್ದೇ ಹೊರತು ಮಂಜುಗಡ್ಡೆಯ ಮೇಲೆ ನಿಲ್ಲುವುದರದ್ದಲ್ಲ. ಮೂರು ಟನ್ನಿಗೂ ಮಿಕ್ಕಿದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿಂಗಳಿಗೆ ಮೂರು ನಾಲ್ಕು ಸಲ ಬೆಟ್ಟ ಇಳಿಯುವವರಾದರೆ ಚಳಿಗಾಲದ್ದೇ ಆದ ನಾಲ್ಕು ಟೈರುಗಳ ಇನ್ನೊಂದು ಜೊತೆ ಇಟ್ಟುಕೊಳ್ಳಿ ಎಂದು ನಾನು ಒತ್ತಾಯವಾಗಿಯೇ ಹೇಳುತ್ತೇನೆ. ಅವುಗಳ ರಬ್ಬರು ಕೊರೆಯುವ ಚಳಿಯಲ್ಲೂ ಮೆದುವಾಗಿಯೇ ಇರುತ್ತದೆ. ಎರಡು ಜೊತೆ ಇದ್ದರೆ ಒಂದೊಂದೂ ಅರ್ಧ ವರ್ಷ ಮಾತ್ರ ಸವೆಯುವುದರಿಂದ ಖರ್ಚು ಕಾಣುವಷ್ಟು ಹೆಚ್ಚಲ್ಲ. ಚಳಿ ಏರಿದಂತೆ ಟೈರಿನೊಳಗಿನ ಗಾಳಿಯ ಒತ್ತಡವೂ ಇಳಿಯುತ್ತದೆ, ನವೆಂಬರಿನಲ್ಲಿ ಮತ್ತೊಮ್ಮೆ ಗೇಜ್ ಹಿಡಿಯಿರಿ.

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರಗಳ ಕೆಲಸಕ್ಕೆ ಪಿಕಪ್ ಓಡಿಸುತ್ತೇನೆ. ಮುಳ್ಳು ಮತ್ತು ಚೂಪು ಕಲ್ಲಿನಿಂದ ವರ್ಷಕ್ಕೆ ಎರಡು ಟೈರಾದರೂ ಹೋಗುತ್ತವೆ. 10 ಪ್ಲೈ ಟೈರು ಹಾಕಿಸಿದರೆ ಈ ಕಾಟ ತಪ್ಪುತ್ತದೆಯೇ?
— ಚಿತ್ರದುರ್ಗದ ಓದುಗರು

ಉತ್ತರ: ಕಲ್ಲಿನ ಕಾಟ ಕಡಿಮೆಯಾಗುತ್ತದೆ, ಬಳ್ಳಾರಿ ಜಾಲಿಯದ್ದು ತಪ್ಪುವುದಿಲ್ಲ. 10 ಪ್ಲೈ ಎಂದರೆ ಹತ್ತು ಪದರಗಳಿವೆ ಎಂದಲ್ಲ. ಹಿಂದಿನ ಕಾಲದ ಹತ್ತು ಹತ್ತಿಬಟ್ಟೆಯ ಪದರಗಳಷ್ಟು ಬಲ ಎಂಬ ದರ್ಜೆಯ ಹೆಸರು ಅದು. ಟೈರಿನ ಮುಖದಲ್ಲಿ ಉಕ್ಕಿನ ಪಟ್ಟಿಗಳಿದ್ದರೂ ಪಕ್ಕದಲ್ಲಿ ಎರಡೋ ಮೂರೋ ಪಾಲಿಯೆಸ್ಟರ್ ಪದರಗಳಷ್ಟೇ ಇರುತ್ತವೆ, ಕಲ್ಲು ಕೊಯ್ಯುವುದು ಅಲ್ಲಿಯೇ. ಟೈರಿನ ಪಕ್ಕದಲ್ಲಿ ‘ಸೈಡ್‌ವಾಲ್’ ಎಂದು ಬರೆದು ಅದರ ಮುಂದೆ ಪದರಗಳ ಸಂಖ್ಯೆಯನ್ನೂ ಕೊಟ್ಟಿರುತ್ತಾರೆ, ಮೂರು ಪದರ ಇರುವುದನ್ನು ಆರಿಸಿ. ಬಟನ್‌ಗಳು ಅಂಚನ್ನು ದಾಟಿ ಪಕ್ಕಕ್ಕೂ ಇಳಿದಿರುವ ವಿನ್ಯಾಸ ನಿಮ್ಮ ಗುಡ್ಡಕ್ಕೆ ಬಹಳ ಒಳ್ಳೆಯದು. ಖಾಲಿ ಗಾಡಿಯಲ್ಲಿ ಕಲ್ಲುದಾರಿ ಹತ್ತುವಾಗ ಗಾಳಿಯನ್ನು 25 ಪಿಎಸ್‌ಐ ಆಸುಪಾಸಿಗೆ ಇಳಿಸಿ ನಿಧಾನವಾಗಿ ಹೋದರೆ ಟೈರು ಕಲ್ಲಿನ ಮೇಲೆ ಮಡಿಚಿಕೊಂಡು ದಾಟುತ್ತದೆ, ಬಿಗಿಯಾಗಿದ್ದರೆ ಅದೇ ಕಲ್ಲು ಒಳಹೊಗುತ್ತದೆ. ಡಾಂಬರಿಗೆ ಇಳಿದ ಕೂಡಲೇ ಮತ್ತೆ ತುಂಬಿಸಿ. ಬೇಸಿಗೆಯ ಮಧ್ಯಾಹ್ನ ಗಾಳಿ ಹೆಚ್ಚಾಗಿದೆ ಎಂದು ಬಿಸಿ ಟೈರಿನಿಂದ ಗಾಳಿ ಬಿಡುವ ಅಭ್ಯಾಸ ನಿಮ್ಮ ಕಡೆ ಬಹಳ ಇದೆ. ದಯವಿಟ್ಟು ಹಾಗೆ ಮಾಡಬೇಡಿ, ಬೆಳಿಗ್ಗೆ ಗಾಡಿ ಹೊರಡಿಸುವ ಮುಂಚಿನ ಅಳತೆಯೇ ಅಳತೆ. ಮುಳ್ಳು ಹೊಕ್ಕರೆ ಮುಖದ ಭಾಗಕ್ಕೆ ಪಂಕ್ಚರ್ ಹಾಕಿಸಬಹುದು, ಪಕ್ಕ ಹರಿದ ಟೈರನ್ನು ಯಾವ ಪ್ಯಾಚ್ ಹಾಕಿಸಿಯೂ ಹೇರಿನ ಗಾಡಿಗೆ ಬಳಸಬಾರದು.

ಪ್ರಶ್ನೆ: ಆಲ್ ಟೆರೇನ್ ವಿನ್ಯಾಸದ ರಿಸೋಲ್ (ಹಳೆಯ ಟೈರಿಗೆ ಹೊಸ ರಬ್ಬರು ಅಂಟಿಸಿದ) ಟೈರು ಅರ್ಧ ಬೆಲೆಗೆ ಸಿಗುತ್ತಿದೆ. ಪಿಕಪ್‌ಗೆ ಹಾಕಿಸಬಹುದೇ?
— ಶಿರಸಿಯ ಓದುಗರು

ಉತ್ತರ: ಮುಂದಿನ ಚಕ್ರಗಳಿಗೆ ಎಂದಿಗೂ ಬೇಡ. ಹಿಂದಿನ ಚಕ್ರಗಳಿಗೆ, ಬಯಲುನಾಡಿನಲ್ಲಿ ಹಗುರ ಹೇರಿನೊಂದಿಗೆ ನಿಧಾನವಾಗಿ ಓಡಿಸುವವರಾದರೆ ಯೋಚಿಸಬಹುದಿತ್ತು. ನೀವು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಅಡಿಕೆ ಒಯ್ಯುತ್ತೇನೆಂದು ಬರೆದಿದ್ದೀರಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕಿನ ಬಿಸಿಯೂ ಹೇರಿನ ಬಿಸಿಯೂ ಸೇರಿ ಅಂಟಿಸಿದ ಪದರ ಕಿತ್ತುಬರುವ ಅಪಾಯವಿದೆ. ಹಳೆಯ ಟೈರಿನ ಒಡಲು ಎಷ್ಟು ವರ್ಷದ್ದು, ಎಷ್ಟು ಪೆಟ್ಟು ತಿಂದಿದೆ ಎಂಬುದು ಮೇಲಿನ ಹೊಸ ರಬ್ಬರಿನಿಂದ ತಿಳಿಯುವುದಿಲ್ಲ. ಈಗ ನಾಲ್ಕು ಆಲ್ ಟೆರೇನ್‌ಗೆ ಹಣ ಸಾಲದಿದ್ದರೆ ಭಾರದ ಅಂಕಿ ಸರಿಯಾಗಿರುವ ಸಾಧಾರಣ ಹೈವೇ ಟೈರುಗಳನ್ನೇ ಹೊಸದಾಗಿ ಹಾಕಿಸಿ. ತೋಟದ ದಾರಿಯ ಕೆಸರಿಗೆ ಒಂದು ಜೊತೆ ಚೈನ್ ಇಟ್ಟುಕೊಂಡರೆ ಈ ಮಳೆಗಾಲ ಕಳೆಯುತ್ತದೆ.